ನಕ್ಷೆಯ ಭಂಡಾರದ ಬಾಗಿಲಲ್ಲಿ

ಕಳೆದ ದಸರಾ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಮನೆಗೆ ಬಂದಿದ್ದನು. ಈಗ ಆತನು ಬೆಂಗಳೂರಿನಲ್ಲಿ ನೀರೆತ್ತುವ ಪಂಪುಗಳನ್ನು ರೂಪಿಸುವ ಕಚೇರಿಯೊಂದರಲ್ಲಿ ಯಂತ್ರವಿನ್ಯಾಸದ ಕೆಲಸದಲ್ಲಿದ್ದಾನೆ. ಕುಶಲಪ್ರಶ್ನೆಗಳು ಮುಗಿದು ಕಾಫಿಯ ಲೋಟ ಕೈಗೆ ಬಂದ ಮೇಲೆ ತನ್ನ ಅಳಲನ್ನು ತೋಡಿಕೊಂಡನು. “ಮೂರು ದಿನ ಕೂತು ಮಾಡಿದ ಕೆಲಸ, ಸಾರ್. ಸಂಜೆ ಚೆಕ್-ಇನ್ ಮಾಡಹೋದರೆ ಸಾಫ್ಟ್‌ವೇರು ಒಪ್ಪಲೇ ಇಲ್ಲ. ಸಿಟ್ಟು ಬಂತು. ನಕ್ಷೆಯನ್ನು ನೇರವಾಗಿ ವರ್ಕ್‌ಷಾಪಿಗೆ ಕಳಿಸಿಬಿಟ್ಟೆ. ಕೊನೆಗೆ ಹನ್ನೆರಡು ಕವಚಗಳು ಗುಜರಿಗೆ ಹೋದವು.”

ಎರಕ ಹೊಯ್ದು, ಕೊರೆದು, ನಯಗೊಳಿಸಿದ ಹನ್ನೆರಡು ಕವಚಗಳು ಗುಜರಿಗೆ ಹೋಗುವುದೆಂದರೆ ಸಣ್ಣ ನಷ್ಟವಲ್ಲ. ತಪ್ಪು ಯಾರದು? ಆತನದೆ, ಸಾಫ್ಟ್‌ವೇರಿನದೆ? ಈ ಪ್ರಶ್ನೆಯನ್ನು ಬಿಡಿಸುತ್ತ ಹೋದಂತೆ, ಇಂದಿನ ಯಂತ್ರಶಿಲ್ಪದ ಹಿನ್ನೆಲೆಯಲ್ಲಿ ಮೌನವಾಗಿ ನಡೆಯುವ ಒಂದು ವ್ಯವಸ್ಥೆಯ ಪರಿಚಯ ನಮಗೆ ಆಗುತ್ತದೆ. ವಿಮಾನವಾಗಲಿ, ಪಂಪಾಗಲಿ, ಹೊಲದ ಟ್ರಾಕ್ಟರಾಗಲಿ, ಈ ವ್ಯವಸ್ಥೆಯ ಬಾಗಿಲನ್ನು ದಾಟದೆ ಇಂದು ಕಾಗದದಿಂದ ಕಬ್ಬಿಣಕ್ಕೆ ಇಳಿಯುವುದು ಅಪರೂಪ. ಆದುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಹಳೆಯ ನಕ್ಷೆಮನೆ

ಗಣಕಯಂತ್ರಗಳು ಬರುವುದಕ್ಕೆ ಮುಂಚೆ ದೊಡ್ಡ ಕಾರ್ಖಾನೆಗಳಲ್ಲಿ ನಕ್ಷೆಗಳಿಗಾಗಿಯೇ ಒಂದು ಕೋಣೆ ಇರುತ್ತಿತ್ತು. ಪ್ರತಿಯೊಂದು ಭಾಗದ ಮೂಲನಕ್ಷೆಯನ್ನೂ ಅರೆಪಾರದರ್ಶಕವಾದ ಹಾಳೆಯ ಮೇಲೆ ಬರೆದು ಅಗಲವಾದ ಸೆಳೆಖಾನೆಗಳಲ್ಲಿ ಇಡುತ್ತಿದ್ದರು. ಕಾರ್ಖಾನೆಯ ಕೆಲಸಗಾರರಿಗೆ ದೊರೆಯುತ್ತಿದ್ದುದು ಅದರ ನೀಲಿ ಪ್ರತಿ ಮಾತ್ರ. ಮೂಲವನ್ನು ತಿದ್ದಬೇಕಾದವನು ಕೋಣೆಯ ಗುಮಾಸ್ತರಲ್ಲಿಗೆ ಹೋಗಿ, ಪುಸ್ತಕದಲ್ಲಿ ರುಜು ಹಾಕಿ, ಹಾಳೆಯನ್ನು ಕೊಂಡೊಯ್ಯಬೇಕು. ತಿದ್ದಿದ ಮೇಲೆ ತಂದೊಪ್ಪಿಸಬೇಕು. ಅದು ಹೊರಗಿರುವಾಗ ಇನ್ನೊಬ್ಬನು ಬಂದು ಕೇಳಿದರೆ ಗುಮಾಸ್ತರು ಖಾಲಿ ಸೆಳೆಖಾನೆಯನ್ನು ತೋರಿಸುತ್ತಿದ್ದರು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿರಿ. ಒಂದು ಹಾಳೆಯು ಏಕಕಾಲದಲ್ಲಿ ಎರಡು ಮೇಜುಗಳ ಮೇಲೆ ಇರಲಾರದು. ಇಬ್ಬರು ಒಂದೇ ಮೂಲವನ್ನು ಒಟ್ಟಿಗೆ ತಿದ್ದದಂತೆ ನಿಸರ್ಗವೇ ಕಾವಲು ಕಾಯುತ್ತಿತ್ತು. ಗಣಕಯಂತ್ರವು ಬಂದು ಈ ಕಾವಲನ್ನು ಕಿತ್ತುಹಾಕಿತು. ಗಣಕದ ಕಡತವನ್ನು ಎಷ್ಟು ಸಲ ಬೇಕಾದರೂ ನಕಲು ಮಾಡಬಹುದು. ನಕಲಿಗೂ ಮೂಲಕ್ಕೂ ಎಳ್ಳಷ್ಟೂ ಭೇದವಿಲ್ಲ. ಹತ್ತು ಜನರ ಬಳಿ ಹತ್ತು ಪ್ರತಿಗಳಿದ್ದರೆ ಯಾವುದು ನಿಜವಾದುದು?

ಈ ಸಂಕಟದಿಂದ ಹುಟ್ಟುವ ಅನಾಹುತವನ್ನು ಒಂದು ಉದಾಹರಣೆಯಿಂದ ತಿಳಿಯೋಣ. ಭಂಡಾರದಲ್ಲಿ ಒಂದು ಕಡತದ 7ನೆಯ ಆವೃತ್ತಿ ಇದೆಯೆಂದು ಭಾವಿಸಿರಿ. ಬೆಳಗ್ಗೆ 10 ಗಂಟೆಗೆ ಇಬ್ಬರು ಅದರ ನಕಲನ್ನು ತೆಗೆದುಕೊಳ್ಳುತ್ತಾರೆ. ಮೊದಲನೆಯವನು ಒಂದು ರಂಧ್ರವನ್ನು ಸರಿಪಡಿಸಿ ಮಧ್ಯಾಹ್ನ ಹಿಂದಿರುಗಿಸುತ್ತಾನೆ. ಎರಡನೆಯವನು ಅದೇ 7ನೆಯ ಆವೃತ್ತಿಯಲ್ಲಿ ಒಂದು ಅಂಚನ್ನು ತಿದ್ದಿ ಸಂಜೆ ಹಿಂದಿರುಗಿಸುತ್ತಾನೆ. ಎರಡನೆಯದು ಮೊದಲನೆಯದರ ಮೇಲೆ ಕೂತುಬಿಡುತ್ತದೆ. ರಂಧ್ರದ ತಿದ್ದುಪಡಿಯು ಸದ್ದಿಲ್ಲದೆ ಮಾಯವಾಗುತ್ತದೆ. ಇಬ್ಬರೂ ಪ್ರಾಮಾಣಿಕರು, ಇಬ್ಬರ ಕೆಲಸವೂ ಸರಿ. ಆದರೂ ಫಲ ತಪ್ಪು. ಎಲ್ಲಕ್ಕಿಂತ ಅಪಾಯಕಾರಿಯಾದ ಅಂಶವೆಂದರೆ, ತಪ್ಪಾಗಿದೆಯೆಂಬುದು ಯಾರಿಗೂ ತಿಳಿಯುವುದೇ ಇಲ್ಲ.

ಕೃತಕವಾದ ಬೀಗ

ಇದಕ್ಕೆ ಮೊದಲು ಪರಿಹಾರ ಹುಡುಕಿದವರಲ್ಲಿ ಗಣಕಗಳಿಗೆ ಕ್ರಮವಿಧಿಗಳನ್ನು ಬರೆಯುವವರು ಮುಖ್ಯರು. 1972ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಎಂಬವರು, ಕಡತದ ಪ್ರತಿಯೊಂದು ಆವೃತ್ತಿಯನ್ನೂ ಕಾಪಾಡಿಕೊಂಡು ಬರುವ ವ್ಯವಸ್ಥೆಯೊಂದನ್ನು ರಚಿಸಿದರು. ತಿದ್ದಲು ಕೊಂಡೊಯ್ದ ಕಡತಕ್ಕೆ ಬೀಗ ಬೀಳುವುದು ಇಂತಹ ವ್ಯವಸ್ಥೆಗಳ ಮುಖ್ಯ ತತ್ತ್ವವಾಯಿತು. ನಿಸರ್ಗವು ಹಾಳೆಗೆ ಉಚಿತವಾಗಿ ಒದಗಿಸಿದ್ದ ಕಾವಲನ್ನು ಮನುಷ್ಯನು ಕಡತಕ್ಕೆ ಕೃತಕವಾಗಿ ಕಟ್ಟಿಕೊಟ್ಟನೆನ್ನಬಹುದು.

ಯಂತ್ರವಿನ್ಯಾಸದ ಭಂಡಾರಗಳು ಇಂದು ನಡೆಯುವುದು ಹೀಗೆಯೇ. ಮೂಲ ಕಡತಗಳೆಲ್ಲವೂ ಸರ್ವರ್ ಎಂಬ ಕೇಂದ್ರಗಣಕದಲ್ಲಿರುತ್ತವೆ. ಕೆಲಸಗಾರನು ಬೇಕಾದುದನ್ನು ಚೆಕ್-ಔಟ್ ಮಾಡುತ್ತಾನೆ, ಎಂದರೆ ಹಳೆಯ ಗುಮಾಸ್ತರ ಪುಸ್ತಕದಲ್ಲಿ ರುಜು ಹಾಕಿದಂತೆ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಾನೆ. ಆ ಕ್ಷಣದಿಂದ ಉಳಿದವರು ಅದನ್ನು ನೋಡಬಹುದು, ತಿದ್ದಲಾಗದು. ಕೆಲಸ ಮುಗಿದ ಮೇಲೆ ಚೆಕ್-ಇನ್ ಮಾಡಿದರೆ ಹೊಸ ಆವೃತ್ತಿಯು ಭಂಡಾರವನ್ನು ಸೇರುತ್ತದೆ, ಬೀಗ ತೆರೆಯುತ್ತದೆ, ಹಳೆಯ ಆವೃತ್ತಿಯೂ ನಾಶವಾಗದೆ ಉಳಿಯುತ್ತದೆ.

ಬೀಗವಿಲ್ಲದೆ ಕೆಲಸ ನಡೆಯಲಾರದೆ ಎಂದು ಕೇಳಬಹುದು. ಬರಹದ ಕಡತಗಳಲ್ಲಿ ನಡೆಯುತ್ತದೆ. 1986ರಲ್ಲಿ ನೆದರ್ಲೆಂಡ್ಸಿನ ಡಿಕ್ ಗ್ರೂನ್ ಎಂಬವರು, ಹಲವರು ಒಟ್ಟಿಗೆ ತಿದ್ದಿ ಆಮೇಲೆ ತಿದ್ದುಪಡಿಗಳನ್ನು ಬೆಸೆಯಬಲ್ಲ ವ್ಯವಸ್ಥೆಯನ್ನು ಆರಂಭಿಸಿದರು. ಒಬ್ಬನು 10ನೆಯ ಸಾಲನ್ನು, ಇನ್ನೊಬ್ಬನು 90ನೆಯ ಸಾಲನ್ನು ತಿದ್ದಿದ್ದರೆ ಎರಡನ್ನೂ ಸೇರಿಸುವುದು ಸುಲಭ. ಆದರೆ ಘನಾಕೃತಿಯ ಕಡತವು ಸಾಲುಗಳ ಪಟ್ಟಿಯಲ್ಲ. ಮೊದಲು ಒಂದು ತಟ್ಟೆ, ಅದರಲ್ಲಿ ಒಂದು ರಂಧ್ರ, ರಂಧ್ರದ ಅಂಚಿಗೆ ಒಂದು ಇಳಿಜಾರು ಎಂಬಂತೆ ಒಂದರ ಮೇಲೊಂದು ಆಧರಿಸಿದ ಹೆಜ್ಜೆಗಳ ಸರಣಿ ಅದು. ಮೊದಲ ಹೆಜ್ಜೆಯನ್ನು ಕದಲಿಸಿದರೆ ಕೊನೆಯ ಹೆಜ್ಜೆಯವರೆಗೆ ಎಲ್ಲವೂ ಕದಲುತ್ತದೆ. ಇಬ್ಬರು ಬೇರೆ ಬೇರೆಯಾಗಿ ತಿದ್ದಿದ ಎರಡು ಆಕೃತಿಗಳನ್ನು ಬೆಸೆಯುವುದು ಸುಲಭಸಾಧ್ಯವಲ್ಲ. ಆದುದರಿಂದ ಯಂತ್ರವಿನ್ಯಾಸದಲ್ಲಿ ಬೀಗವೇ ಗತಿಯಾಗಿ ಉಳಿದಿದೆ.

ಬಾಗಿಲು ತೆರೆಯದ ಕಾರಣಗಳು

ಚೆಕ್-ಇನ್ ಏಕೆ ವಿಫಲವಾಗುತ್ತದೆ? ಕಾರಣಗಳನ್ನು ಎರಡು ಗುಂಪುಗಳಾಗಿ ವಿಂಗಡಿಸಬಹುದು.

ಮೊದಲನೆಯದು ಬರಿಯ ಅಡಚಣೆಗಳ ಗುಂಪು. ಸಂಪರ್ಕದ ತಂತಿಯಲ್ಲಿ ತೊಡಕುಂಟಾಗಿ ಕಡತವು ಅರ್ಧದಾರಿಯಲ್ಲಿ ನಿಲ್ಲಬಹುದು. ಅರ್ಧ ಬಂದ ಕಡತವನ್ನು ಒಳ್ಳೆಯ ಭಂಡಾರವು ಸೇರಿಸಿಕೊಳ್ಳುವುದಿಲ್ಲ; ಪೂರ್ಣವಾಗಿ ಬಂದರೆ ಸರಿ, ಇಲ್ಲವಾದರೆ ಏನೂ ಬರಲಿಲ್ಲವೆಂದೇ ಲೆಕ್ಕ. ಬಂದುದು ಸರಿಯಾಗಿದೆಯೆ ಎಂಬುದನ್ನು ಪರೀಕ್ಷಿಸಲು ಒಂದು ತಾಳೆಯ ಅಂಕಿಯನ್ನು ಬಳಸುವುದುಂಟು. ಗುಣಾಕಾರದ ಉತ್ತರವನ್ನು ಒಂಬತ್ತರಿಂದ ತಾಳೆ ನೋಡುವ ಕ್ರಮವನ್ನು ಶಾಲೆಯಲ್ಲಿ ಕಲಿತವರಿಗೆ ಇದು ಹೊಸದಲ್ಲ. 4085 ಎಂಬ ಸಂಖ್ಯೆಯ ಅಂಕಿಗಳ ಮೊತ್ತ 17. ಒಂಬತ್ತನ್ನು ಕಳೆದರೆ 8. ದಾರಿಯಲ್ಲಿ ಅದು 5085 ಆಗಿ ಬಂದರೆ ಮೊತ್ತ 18. ಒಂಬತ್ತುಗಳನ್ನು ಕಳೆದರೆ ಸೊನ್ನೆ. ತಾಳೆಯಾಗಲಿಲ್ಲ, ತಪ್ಪು ಸಿಕ್ಕಿತು! ಆದರೆ 4805 ಎಂದು ಅಂಕಿಗಳು ಅದಲುಬದಲಾಗಿ ಬಂದರೆ ಈ ಸರಳ ವಿಧಾನಕ್ಕೆ ಗೊತ್ತಾಗದು. ಗಣಕಗಳಲ್ಲಿ ಬಳಸುವ ಸೂತ್ರಗಳು ಇದಕ್ಕಿಂತ ಬಹಳ ಬಿಗಿಯಾದುವು. ತತ್ತ್ವ ಮಾತ್ರ ಇದೇ ಬಗೆಯದು. ಕಡತಕ್ಕೆ ಬೀಗ ಹಾಕಿದವನು ಮರೆತು ರಜೆಯ ಮೇಲೆ ಹೋಗುವುದೂ ಈ ಗುಂಪಿಗೇ ಸೇರಿದ ತೊಂದರೆ. ಭಂಡಾರದ ಮೇಲ್ವಿಚಾರಕರು ಬೀಗವನ್ನು ಬಿಡಿಸಬಲ್ಲರು. ಆದರೆ ರಜೆಯಲ್ಲಿರುವವನ ಗಣಕದಲ್ಲಿ ಉಳಿದಿರುವ ಕೆಲಸವು ಆಗ ಅನಾಥವಾಗುತ್ತದೆ.

ಎರಡನೆಯದು ಹೊಂದಾಣಿಕೆಯ ಗುಂಪು. ಯಂತ್ರದ ಕಡತಗಳು ಒಂಟಿಯಲ್ಲ. ಪಂಪಿನ ‘ಜೋಡಣೆ’ ಎಂಬ ಕಡತವು ಷಾಫ್ಟು, ಬೇರಿಂಗು, ಕವಚ, ಬೋಲ್ಟು ಮೊದಲಾದ ಎಷ್ಟೋ ಕಡತಗಳ ಕಡೆಗೆ ಬೆರಳು ತೋರಿಸುತ್ತದೆ. ಬೆರಳು ತೋರಿದ ಕಡೆ ಕಡತವಿಲ್ಲದಿದ್ದರೆ, ಅಥವಾ ಅದು ಭಂಡಾರಕ್ಕೆ ಗೊತ್ತಿಲ್ಲದ ಜಾಗದಲ್ಲಿದ್ದರೆ, ಜೋಡಣೆಯು ಅಪೂರ್ಣ. ಒಂದೇ ಹೆಸರಿನ ಎರಡು ಕಡತಗಳಿದ್ದರೆ ಬೆರಳು ಯಾವುದನ್ನು ತೋರಿಸುತ್ತಿದೆಯೆಂಬ ಸಂದೇಹ. ಕೈಯಲ್ಲಿರುವ ನಕಲು ಭಂಡಾರದಲ್ಲಿರುವುದಕ್ಕಿಂತ ಹಳೆಯದಾದರೆ ಮೇಲೆ ಹೇಳಿದ ಮಾಯವಾಗುವ ಅಪಾಯ. ಬೀಗ ಪಡೆಯದೆಯೇ ಸ್ಥಳೀಯ ನಕಲನ್ನು ತಿದ್ದಿದ್ದರೆ, ಅದನ್ನು ಒಳಗೆ ಬಿಡುವ ಅಧಿಕಾರವೇ ಇಲ್ಲ.

ಹನ್ನೆರಡು ಕವಚಗಳ ಕಥೆ

ಈಗ ನನ್ನ ವಿದ್ಯಾರ್ಥಿಯ ಪಂಪಿಗೆ ಹಿಂದಿರುಗೋಣ. ಪಂಪಿನ ಷಾಫ್ಟಿನ ವ್ಯಾಸ 40 ಮಿಲಿಮೀಟರು. ಹೆಚ್ಚು ಶಕ್ತಿಯ ಮೋಟಾರನ್ನು ಜೋಡಿಸಬೇಕಾಗಿ ಬಂದುದರಿಂದ ಆತನು ಅದನ್ನು 45ಕ್ಕೆ ಏರಿಸಿದನು. ಘನವಾದ ದುಂಡು ದಂಡವು ತಾಳಬಲ್ಲ ತಿರುಚುಬಲವು ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. 40ರ ಘನ 64,000. 45ರ ಘನ 91,125. ಎಂದರೆ ಬರಿಯ 5 ಮಿಲಿಮೀಟರಿನಿಂದ ಷಾಫ್ಟಿನ ಸಾಮರ್ಥ್ಯವು ನೂರಕ್ಕೆ 42ರಷ್ಟು ಹೆಚ್ಚಿತು. ಲೆಕ್ಕ ಸರಿಯಾಗಿಯೇ ಇದೆ.

ಆದರೆ ಷಾಫ್ಟು ದಪ್ಪವಾದರೆ ಬೇರಿಂಗು ಬದಲಾಗಬೇಕು. 40 ಮಿಲಿಮೀಟರಿನ ಷಾಫ್ಟಿಗೆ ಕೂರುವ 6208 ಎಂಬ ಗೋಲಿಬೇರಿಂಗಿನ ಹೊರವ್ಯಾಸ 80. 45ಕ್ಕೆ ಕೂರುವ 6209ರ ಹೊರವ್ಯಾಸ 85. ಆದುದರಿಂದ ಬೇರಿಂಗು ಕೂರುವ ಕವಚದ ರಂಧ್ರವೂ 80ರಿಂದ 85 ಆಗಬೇಕು. ಆತನು ತನ್ನ ಗಣಕದಲ್ಲಿದ್ದ ಕವಚದ ನಕಲನ್ನೂ ಹಾಗೆಯೇ ತಿದ್ದಿದನು. ಆದರೆ ಕವಚಕ್ಕೆ ಆತನು ಬೀಗ ಪಡೆದಿರಲಿಲ್ಲ. ಪಕ್ಕದ ವಿಭಾಗದ ಸಹೋದ್ಯೋಗಿಯ ಹೆಸರಿನಲ್ಲಿ ಅದು ಹೊರಗಿತ್ತು. ಆ ಸಹೋದ್ಯೋಗಿಯು ಅದೇ ವಾರ ಕವಚದ ಬೋಲ್ಟಿನ ರಂಧ್ರಗಳನ್ನು 3 ಮಿಲಿಮೀಟರು ಒಳಕ್ಕೆ ಸರಿಸುತ್ತಿದ್ದನು.

ಸಂಜೆ ಚೆಕ್-ಇನ್ ನಿರಾಕೃತವಾಯಿತು. ‘ಈ ಕಡತವು ಇನ್ನೊಬ್ಬರ ಹೆಸರಿನಲ್ಲಿದೆ’ ಎಂಬ ಒಂದು ಸಾಲಿನ ಸಂದೇಶ. ಆತನು ಅದನ್ನು ಯಂತ್ರದ ಮೊಂಡಾಟವೆಂದು ಬಗೆದು ಷಾಫ್ಟಿನ ನಕ್ಷೆಯನ್ನು ಮಿಂಚಂಚೆಯಲ್ಲಿ ವರ್ಕ್‌ಷಾಪಿಗೆ ಕಳಿಸಿದನು. ಸಹೋದ್ಯೋಗಿಯು ಮಾರನೆಯ ದಿನ ತನ್ನ ಕವಚವನ್ನು ಕ್ರಮವಾಗಿ ಭಂಡಾರಕ್ಕೆ ಸೇರಿಸಿದನು. ವರ್ಕ್‌ಷಾಪಿನವರು ಕವಚದ ನಕ್ಷೆಯನ್ನು ಅಲ್ಲಿಂದಲೇ ಪಡೆದರು. ಷಾಫ್ಟು 45 ಆಗಿ ಬಂದಿತು, ಕವಚದ ರಂಧ್ರ 80 ಆಗಿ ಬಂದಿತು. ಬೇರಿಂಗು ಕೂರಲಿಲ್ಲ. ರಂಧ್ರವನ್ನು 85ಕ್ಕೆ ಹಿಗ್ಗಿಸಿದರು. ರಂಧ್ರಕ್ಕೂ ಬೋಲ್ಟಿನ ತೂತಿಗೂ ನಡುವೆ ಮೊದಲು 9 ಮಿಲಿಮೀಟರು ಗೋಡೆಯಿತ್ತು. ಬೋಲ್ಟು ಒಳಸರಿದುದರಿಂದ 3, ರಂಧ್ರ ಹಿಗ್ಗಿದುದರಿಂದ ಎರಡೂವರೆ ಹೋಗಿ, ಉಳಿದುದು ಮೂರೂವರೆ. ಪರೀಕ್ಷಕರು ಹನ್ನೆರಡನ್ನೂ ತಿರಸ್ಕರಿಸಿದರು.

ಬೇರೆ ಬೇರೆಯಾಗಿ ನೋಡಿದರೆ ಎರಡು ತಿದ್ದುಪಡಿಗಳೂ ನಿರ್ದೋಷಿಗಳು. ಕೂಡಿದಾಗ ಮಾತ್ರ ಅವು ಕೆಟ್ಟುವು. ಅವು ಕೂಡುವ ಸ್ಥಳವೇ ಭಂಡಾರದ ಬಾಗಿಲು. ಅಲ್ಲಿ ಬಂದ ನಿರಾಕರಣೆಯು ‘ಹೋಗಿ ಪಕ್ಕದವನೊಡನೆ ಮಾತಾಡು’ ಎಂಬ ಸಲಹೆಯಾಗಿತ್ತು.

ಇಂತಹ ಎಡವಟ್ಟು ಸಣ್ಣ ಕಚೇರಿಗಳಿಗೆ ಮಾತ್ರ ಮೀಸಲಲ್ಲ. ಏರ್‌ಬಸ್ ಸಂಸ್ಥೆಯ ಎ380 ಎಂಬ ಎರಡಂತಸ್ತಿನ ಭಾರಿ ವಿಮಾನವು 2005ರ ಏಪ್ರಿಲ್ 27ರಂದು ಫ್ರಾನ್ಸಿನ ಟೂಲೂಸಿನಲ್ಲಿ ಮೊದಲು ಹಾರಿತು. ಅದರ ಒಡಲಲ್ಲಿ ಸುಮಾರು 530 ಕಿಲೋಮೀಟರು ಉದ್ದದ ತಂತಿಗಳಿದ್ದುವು. ಜರ್ಮನಿ ಮತ್ತು ಸ್ಪೇನಿನ ತಂಡಗಳು ಕಾಟಿಯಾ ಎಂಬ ವಿನ್ಯಾಸದ ಸಾಫ್ಟ್‌ವೇರಿನ 4ನೆಯ ಆವೃತ್ತಿಯನ್ನೂ, ಫ್ರಾನ್ಸ್ ಮತ್ತು ಬ್ರಿಟನ್ನಿನ ತಂಡಗಳು 5ನೆಯ ಆವೃತ್ತಿಯನ್ನೂ ಬಳಸುತ್ತಿದ್ದುವು. ಒಂದರಲ್ಲಿ ಮಾಡಿದ ತಿದ್ದುಪಡಿಯು ಇನ್ನೊಂದರೊಳಕ್ಕೆ ಸರಾಗವಾಗಿ ಇಳಿಯುತ್ತಿರಲಿಲ್ಲ. ಹ್ಯಾಂಬರ್ಗಿನಿಂದ ಬಂದ ತಂತಿಯ ಕಟ್ಟುಗಳು ಟೂಲೂಸಿನಲ್ಲಿ ಜೋಡಿಸಹೋದಾಗ ಗಿಡ್ಡವಾದುವು. ವಿಳಂಬಕ್ಕೆ ಬೇರೆ ಕಾರಣಗಳೂ ಇದ್ದುವಾದರೂ ಇದು ಮುಖ್ಯವಾದುದು. ಮೊದಲ ವಿಮಾನವು ಸಿಂಗಪುರದ ಸಂಸ್ಥೆಯ ಕೈಸೇರಿದ್ದು 2007ರ ಅಕ್ಟೋಬರ್ 15ರಂದು. 2010ರವರೆಗಿನ ಲಾಭದಲ್ಲಿ 480 ಕೋಟಿ ಯೂರೋಗಳಷ್ಟು ಖೋತಾ ಬೀಳುವುದೆಂದು 2006ರಲ್ಲಿ ಅಂದಾಜಿಸಲಾಗಿತ್ತು. ಒಂದೇ ಭಂಡಾರಕ್ಕೆ ಎಲ್ಲರ ಕಡತಗಳೂ ಸರಿಯಾಗಿ ಮರಳದಿದ್ದರೆ ಎಷ್ಟು ಬೆಲೆ ತೆರಬೇಕೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ಭಂಡಾರಕ್ಕೆ ತಿಳಿಯದ ಸಂಗತಿ

ಹಾಗೆಂದು ಭಂಡಾರವನ್ನು ಸರ್ವಜ್ಞನೆಂದು ನಂಬಲೂ ಬಾರದು. ಅದು ನೋಡುವುದು ದಾಖಲೆಗಳು ಒಂದಕ್ಕೊಂದು ಹೊಂದುತ್ತವೆಯೆ ಎಂಬುದನ್ನು ಮಾತ್ರ. ಯಂತ್ರವು ನಡೆಯುತ್ತದೆಯೆ ಎಂಬುದನ್ನಲ್ಲ. 45 ಎಂದು ಬರೆಯಬೇಕಾದಲ್ಲಿ 54 ಎಂದು ಬರೆದು, ಬೀಗವನ್ನೂ ಕ್ರಮವಾಗಿ ಪಡೆದಿದ್ದರೆ, ಆ ಕಡತವನ್ನು ಅದು ಸಂತೋಷವಾಗಿಯೇ ಸ್ವೀಕರಿಸುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಭೇದ ಪರಿಚಿತವಾದುದು. ಸಮೀಕರಣದ ಎರಡು ಪಕ್ಕಗಳ ಮಾನಗಳೂ ಹೊಂದದಿದ್ದರೆ ಉತ್ತರ ಖಂಡಿತ ತಪ್ಪು. ಹೊಂದಿದ ಮಾತ್ರಕ್ಕೆ ಸರಿಯೆನ್ನಲಾಗದು. ಮೊದಲನೆಯದನ್ನು ಯಂತ್ರ ನೋಡಿಕೊಳ್ಳುತ್ತದೆ. ಎರಡನೆಯದು ಮನುಷ್ಯನ ಹೊಣೆ.

ಆದುದರಿಂದ ಮುಂದೆ ಯಂತ್ರಶಿಲ್ಪಿಗಳಾಗಲಿರುವ ವಿದ್ಯಾರ್ಥಿಗಳು ಎರಡು ಮಾತುಗಳನ್ನು ನೆನಪಿಡಬೇಕು. ಭಂಡಾರವು ಬಾಗಿಲು ತೆರೆಯದಿದ್ದಾಗ ಹಿತ್ತಿಲ ಬಾಗಿಲನ್ನು ಹುಡುಕುವ ಮುಂಚೆ ಸಂದೇಶವನ್ನು ಪೂರ್ತಿ ಓದಬೇಕು. ಅದು ಅಡಚಣೆಯೊ ಎಚ್ಚರಿಕೆಯೊ ಎಂದು ತಿಳಿಯಬೇಕು. ಹಾಗೆಯೇ ಕೆಲಸ ಮುಗಿದ ದಿನವೇ ಕಡತವನ್ನು ಹಿಂದಿರುಗಿಸಿ, ಏನನ್ನು ಏಕೆ ಬದಲಿಸಿದೆವೆಂಬುದನ್ನು ಒಂದು ಸಾಲಿನಲ್ಲಿ ಬರೆದಿಡಬೇಕು.

ಹೊರಡುವಾಗ ನನ್ನ ವಿದ್ಯಾರ್ಥಿಯನ್ನು, “ಆ ಸಹೋದ್ಯೋಗಿ ನಿನಗೆಷ್ಟು ದೂರದಲ್ಲಿ ಕೂರುತ್ತಾನಪ್ಪ?” ಎಂದು ಕೇಳಿದೆನು. ಆತನು ನಾಚಿಕೊಂಡು, “ನಾಲ್ಕು ಮೇಜಿನ ಆಚೆ, ಸಾರ್. ಈಗ ಕವಚ ಮುಟ್ಟುವ ಮುಂಚೆ ಎದ್ದು ಹೋಗಿ ಕೇಳಿ ಬರುತ್ತೇನೆ” ಎಂದನು.