ಮಲಗುವವರನ್ನು ಕರೆದೊಯ್ದು ಹಾಸಿಗೆ ಕೊಳ್ಳಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಹಾಸಿಗೆ ಕೊಳ್ಳುವ ಕಾಲವೆಂದರೆ ಮದುವೆಯ ಕಾಲ. ಮಗಳ ಜೊತೆಗೆ ಮಂಚ, ಬೀರು, ಹಾಸಿಗೆ ಕಳಿಸುವ ರೂಢಿ ಇಲ್ಲಿ ಇನ್ನೂ ಬಿಟ್ಟಿಲ್ಲ. ಅಪ್ಪ ಅಂಗಡಿಗೆ ಹೋಗುತ್ತಾರೆ, ಅಂಗೈಯಿಂದ ಒತ್ತಿ ನೋಡುತ್ತಾರೆ, ಮೆತ್ತಗಿದೆ ಅನ್ನಿಸಿದರೆ ಚೌಕಾಸಿ ಮುಗಿಸಿ ಟೆಂಪೊಗೆ ಹಾಕಿಸುತ್ತಾರೆ. ಅದರ ಮೇಲೆ ಮಲಗಬೇಕಾದ ಹುಡುಗ ಹುಡುಗಿ ಆ ಹೊತ್ತಿಗೆ ಅಂಗಡಿಯಲ್ಲಿ ಇರುವುದಿಲ್ಲ. ವರ್ಷಗಟ್ಟಲೆ ಬೆನ್ನು ಹೊರಬೇಕಾದ ವಸ್ತುವನ್ನು ಒಂದು ನಿಮಿಷದಲ್ಲಿ ಅಂಗೈ ತೀರ್ಮಾನಿಸಿಬಿಡುತ್ತದೆ.

ಈಗ ಹಾಗೆ ಬರುವ ಹಾಸಿಗೆಗಳಲ್ಲಿ ಬಹಳಷ್ಟು ಪೂರ್ತಿ ಫೋಮಿನವು. ಒಳಗೆ ತೆಂಗಿನ ನಾರಿಲ್ಲ, ಹತ್ತಿಯಿಲ್ಲ, ಸ್ಪ್ರಿಂಗ್ ಇಲ್ಲ. ಇದು ಕೆಟ್ಟದ್ದು ಎಂದು ಹೇಳುವುದಕ್ಕೆ ಈ ಲೇಖನ ಬರೆಯುತ್ತಿಲ್ಲ. ಕೆಲವು ದೇಹಗಳಿಗೆ ಫೋಮ್ ನಿಜಕ್ಕೂ ಒಳ್ಳೆಯದು. ಇನ್ನು ಕೆಲವು ದೇಹಗಳಿಗೆ, ಅದರಲ್ಲೂ ನಮ್ಮ ಸೀಮೆಯ ಬಿಸಿಲು ಮತ್ತು ನೀರು ರೂಪಿಸಿದ ದೇಹಗಳಿಗೆ, ಅದು ಒಗ್ಗುವುದಿಲ್ಲ. ಯಾರಿಗೆ ಯಾವುದು ಎಂಬ ವಿಚಾರವನ್ನು ಅಂಗಡಿಯಲ್ಲೂ ಜಾಹೀರಾತಿನಲ್ಲೂ ಯಾರೂ ಬಿಡಿಸಿ ಹೇಳುತ್ತಿಲ್ಲ.

ನಮ್ಮ ಕಡೆಯವರು ಹಿಂದೆ ಯಾವುದರ ಮೇಲೆ ಮಲಗುತ್ತಿದ್ದರು ಎಂಬುದನ್ನು ಮೊದಲು ನೆನೆಯಬೇಕು. ಈಚಲು ಚಾಪೆ, ಅದರ ಮೇಲೆ ಕಂಬಳಿ. ಕುರುಬರು ನೇಯ್ದು, ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿದ ಕರಿಕಂಬಳಿ ಚಳಿಗೂ ಆಗುತ್ತಿತ್ತು, ಸೆಕೆಗೂ ಆಗುತ್ತಿತ್ತು; ಉಣ್ಣೆ ಬೆವರನ್ನು ಹೀರಿಕೊಂಡು ಹೊರಬಿಡುತ್ತದೆ. ಸ್ವಲ್ಪ ಅನುಕೂಲವಿದ್ದವರ ಮನೆಯಲ್ಲಿ ಹಗ್ಗದ ಮಂಚ ಅಥವಾ ನವಾರದ ಮಂಚ, ಮೇಲೆ ಹತ್ತಿಯ ಹಾಸಿಗೆ. ವರ್ಷಕ್ಕೋ ಎರಡು ವರ್ಷಕ್ಕೋ ಪಿಂಜಾರರು ಬಂದು ಗಂಟುಗಟ್ಟಿದ ಹತ್ತಿಯನ್ನು ಹಿಂಜಿ, ಮತ್ತೆ ತುಂಬಿ, ಹೊಲಿದು ಕೊಡುತ್ತಿದ್ದರು. ಇವೆಲ್ಲಕ್ಕೂ ಸಮಾನವಾದದ್ದೊಂದಿತ್ತು: ಗಾಳಿಯಾಡುತ್ತಿತ್ತು, ಮತ್ತು ದೇಹ ಅದರೊಳಗೆ ಹೂತುಹೋಗುತ್ತಿರಲಿಲ್ಲ. ಹತ್ತಿ ಹಾಸಿಗೆಗೆ ತನ್ನದೇ ತೊಂದರೆಗಳಿದ್ದವು. ಮಧ್ಯದಲ್ಲಿ ತಗ್ಗು ಬೀಳುತ್ತಿತ್ತು, ದೂಳು ಹಿಡಿಯುತ್ತಿತ್ತು, ತಿಗಣೆಗೆ ಮನೆಯಾಗುತ್ತಿತ್ತು.

ಆಮೇಲೆ ಬಂದದ್ದು ರಬ್ಬರ್ ಬೆರೆಸಿದ ತೆಂಗಿನ ನಾರಿನ ಹಾಸಿಗೆ. 1962ರಲ್ಲಿ ಕರ್ನಾಟಕದಲ್ಲೇ ಹುಟ್ಟಿದ ಕರ್ಲಾನ್ ಅದನ್ನು ಮನೆಮನೆಗೆ ಮುಟ್ಟಿಸಿತು. 2016ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೇಕ್‌ಫಿಟ್‌ನಂಥ ಕಂಪನಿಗಳು ಫೋಮ್ ಹಾಸಿಗೆಯನ್ನು ಒತ್ತಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮನೆ ಬಾಗಿಲಿಗೇ ಕಳಿಸತೊಡಗಿದವು. ಫೋಮ್ ವ್ಯಾಪಾರದ ಶೀಲಾ ಫೋಮ್ ಕಂಪನಿ 2023ರಲ್ಲಿ ಕರ್ಲಾನನ್ನೇ ಕೊಂಡುಕೊಂಡಿತು. ಮಾರುಕಟ್ಟೆ ಯಾವ ಕಡೆಗೆ ವಾಲಿದೆ ಎಂಬುದಕ್ಕೆ ಇಷ್ಟು ಸಾಕು.

ಈ ಫೋಮ್ ಎಂದರೆ ಹೆಚ್ಚಾಗಿ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಕಂಡುಹಿಡಿದ ರಸಾಯನ. ಎರಡು ದ್ರವಗಳು ಬೆರೆತಾಗ ಅನಿಲ ಹುಟ್ಟಿ, ಗುಳ್ಳೆಗಳೆದ್ದು, ಹಾಗೆಯೇ ಗಟ್ಟಿಯಾಗುತ್ತದೆ. ಆ ಗುಳ್ಳೆಗಳ ಗೋಡೆಯಲ್ಲಿ ಎಷ್ಟು ವಸ್ತುವಿದೆ ಎಂಬುದರ ಮೇಲೆ ಹಾಸಿಗೆಯ ಆಯುಷ್ಯ ನಿಂತಿದೆ. ಅದನ್ನು ಅಳೆಯುವ ಲೆಕ್ಕವೇ ಸಾಂದ್ರತೆ, ಅಂಗಡಿಯವರ ಮಾತಿನಲ್ಲಿ ‘ಡೆನ್ಸಿಟಿ’: ಒಂದು ಘನ ಮೀಟರ್ ಫೋಮು ಎಷ್ಟು ಕಿಲೊ ತೂಗುತ್ತದೆ ಎಂಬುದು. 32 ಡೆನ್ಸಿಟಿ, 40 ಡೆನ್ಸಿಟಿ ಎನ್ನುತ್ತಾರಲ್ಲ, ಅದು ಇದೇ. ಗಟ್ಟಿತನ ಬೇರೆ, ಸಾಂದ್ರತೆ ಬೇರೆ. ಕಡಿಮೆ ಸಾಂದ್ರತೆಯ ಫೋಮನ್ನೂ ಗಟ್ಟಿಯಾಗಿ ಮಾಡಬಹುದು. ಅಂಗೈಗೆ ಚೆನ್ನಾಗಿಯೇ ಅನ್ನಿಸುತ್ತದೆ, ಒಂದೆರಡು ವರ್ಷದಲ್ಲಿ ಸೊಂಟ ಇಟ್ಟಲ್ಲಿ ಗುಂಡಿ ಬೀಳುತ್ತದೆ.

ಮೋಸ ಹೋಗದಿರಲು ತಕ್ಕಡಿ ಸಾಕು. 6 ಅಡಿ ಉದ್ದ, 3 ಅಡಿ ಅಗಲ, 4 ಅಂಗುಲ ದಪ್ಪದ ಹಾಸಿಗೆ 6 ಘನ ಅಡಿ ಆಗುತ್ತದೆ, ಅಂದರೆ 0.17 ಘನ ಮೀಟರ್. 32 ಡೆನ್ಸಿಟಿ ನಿಜವಾಗಿದ್ದರೆ ಫೋಮಿನ ತೂಕವೊಂದೇ ಸುಮಾರು ಐದೂವರೆ ಕಿಲೊ ಬರಬೇಕು. 40 ಆದರೆ ಆರು ಮುಕ್ಕಾಲು ಕಿಲೊ. ಮೇಲಿನ ಬಟ್ಟೆಯ ತೂಕ ಬೇರೆ. ಹೇಳಿದ ಅಂಕಿಗಿಂತ ತೂಕ ಕಡಿಮೆ ಬಂದರೆ ಹೇಳಿದ್ದು ಸುಳ್ಳು. ಒಂದೇ ಒಂದು ಎಚ್ಚರಿಕೆ: ಫೋಮ್ ಚೂರುಗಳನ್ನು ಅಂಟಿಸಿ ಒತ್ತಿದ ರಿಬಾಂಡೆಡ್ ಹಾಸಿಗೆ ತೂಕದಲ್ಲಿ ಎಲ್ಲವನ್ನೂ ಮೀರಿಸುತ್ತದೆ. ಅದು ಗಟ್ಟಿ ಹಲಗೆಯ ಜಾತಿಯದು, ಆ ತೂಕವನ್ನು ಗುಣಮಟ್ಟವೆಂದು ತಿಳಿಯಬಾರದು.

ಇನ್ನು ಮಲಗುವವರ ವಿಚಾರ. ಮಗ್ಗುಲಾಗಿ ಮಲಗುವವರಿಗೆ ಫೋಮ್ ಹೆಚ್ಚು ಒಪ್ಪುತ್ತದೆ. ಮಗ್ಗುಲಾದಾಗ ದೇಹದ ಭಾರವೆಲ್ಲ ಭುಜ ಮತ್ತು ಸೊಂಟದ ಎರಡು ಮೂಳೆಗಳ ಮೇಲೆ ಬೀಳುತ್ತದೆ. ಚಾಪೆಯ ಮೇಲೆ ಮಲಗಿ ಎದ್ದ ತೆಳ್ಳಗಿನ ಹೆಂಗಸರು ತೋಳು ಜೋಮು ಹಿಡಿದಿದೆ ಎನ್ನುವುದು ಇದರಿಂದಲೇ. ಆ ಎರಡು ಜಾಗ ಒಂದೆರಡು ಅಂಗುಲ ಒಳಕ್ಕೆ ಇಳಿದು, ನಡುವಿನ ತಗ್ಗಿಗೆ ಆಸರೆ ಸಿಕ್ಕರೆ ಬೆನ್ನುಮೂಳೆ ನೇರ ನಿಲ್ಲುತ್ತದೆ. ಅಂಗಾತ ಮಲಗುವವರಿಗೆ ಮಧ್ಯಮ ಗಟ್ಟಿಯದು ಸಾಕು. ಬೋರಲು ಮಲಗುವವರು ಮೆತ್ತನೆಯ ಫೋಮಿನಿಂದ ದೂರವಿರಬೇಕು. ಹೊಟ್ಟೆಯ ಭಾಗ ಕುಸಿದು ಸೊಂಟ ಹಿಂದಕ್ಕೆ ಬಾಗುತ್ತದೆ, ಬೆಳಿಗ್ಗೆ ಏಳುವಾಗ ನೋವು ಅಲ್ಲೇ ಕಾದಿರುತ್ತದೆ.

ಬೆನ್ನು ನೋವಿನವರು ಹಲಗೆಯ ಮೇಲೆ ಮಲಗಬೇಕು ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ಕೆಲವು ವೈದ್ಯರ ಬಾಯಲ್ಲೂ ಇದೆ. 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಸ್ಪೇನಿನ ಅಧ್ಯಯನ ಇದನ್ನು ಅಲುಗಾಡಿಸಿತು. ದೀರ್ಘಕಾಲದಿಂದ ಕೆಳಬೆನ್ನು ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಉಳಿದವರಿಗೆ ಮಧ್ಯಮ ಗಟ್ಟಿಯ ಹಾಸಿಗೆ ಕೊಟ್ಟು 90 ದಿನ ನೋಡಿದರು. ನೋವು ಹೆಚ್ಚು ಇಳಿದದ್ದು ಮಧ್ಯಮ ಗಟ್ಟಿಯ ಹಾಸಿಗೆಯವರಿಗೆ. ಹಲಗೆಯೂ ಅಲ್ಲ, ಹೂತುಹೋಗುವ ಮೆತ್ತೆಯೂ ಅಲ್ಲ. ಹಾಸಿಗೆಯ ಮೇಲೆ ‘ಆರ್ಥೊ’ ಎಂದು ಬರೆದಿರುವುದು ಇದಕ್ಕೆ ಪುರಾವೆಯಲ್ಲ; ಆ ಹೆಸರನ್ನು ಯಾವ ಕಂಪನಿಯಾದರೂ ಯಾವ ಹಾಸಿಗೆಗಾದರೂ ಅಂಟಿಸಬಹುದು.

ಮೈಭಾರದ ಲೆಕ್ಕವೂ ಬೇರೆ ಬೇರೆ. ತೂಕ ಹೆಚ್ಚಿರುವವರಿಗೆ 40 ಅಥವಾ ಅದಕ್ಕೂ ಮೇಲಿನ ಸಾಂದ್ರತೆ ಬೇಕು, ದಪ್ಪವೂ 6 ಅಂಗುಲಕ್ಕೆ ಕಡಿಮೆ ಇರಬಾರದು. ತೆಳ್ಳಗಿನವರಿಗೆ ಅದೇ ಹಾಸಿಗೆ ಬಂಡೆಯಾಗಬಹುದು. ಗಂಡ ಹೆಂಡತಿ ಇಬ್ಬರೂ ಒಂದೇ ತೂಕದವರಾಗಿರುವುದು ಅಪರೂಪ. ಆದ್ದರಿಂದಲೇ ಇಬ್ಬರೂ ಜೊತೆಗೆ ಮಲಗಿ ನೋಡಬೇಕು ಎನ್ನುವುದು. ದಂಪತಿಗೆ ಫೋಮಿನಿಂದ ಒಂದು ದೊಡ್ಡ ಲಾಭವಿದೆ: ಒಬ್ಬರ ಹೊರಳಾಟ ಇನ್ನೊಬ್ಬರನ್ನು ಮುಟ್ಟುವುದಿಲ್ಲ. ರಾತ್ರಿ ಪಾಳಿಯ ತ್ರೀ ಫೇಸ್ ಕರೆಂಟಿಗೆ ಎದ್ದು ಮೋಟಾರ್ ಹಾಕಲು ಹೊಲಕ್ಕೆ ಹೋಗುವ ರೈತನ ಹೆಂಡತಿಗೆ, ಶಿರಾದ ಹೆದ್ದಾರಿಯಲ್ಲಿ ಲಾರಿ ಓಡಿಸಿ ಸರಿರಾತ್ರಿ ಮನೆ ಸೇರುವ ಡ್ರೈವರನ ಮನೆಯವರಿಗೆ, ಇದು ಸಣ್ಣ ಉಪಕಾರವಲ್ಲ.

ಆದರೆ ಸೆಕೆ! ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ ಪಾರ್ಕ್ ಬಂದದ್ದು ಸುಮ್ಮನಲ್ಲ. ಆ ಬಿಸಿಲನ್ನು ಮನೆಗಳ ತಾರಸಿಯೂ ಹಗಲೆಲ್ಲ ಕುಡಿಯುತ್ತದೆ, ರಾತ್ರಿಯೆಲ್ಲ ಕೆಳಕ್ಕೆ ಬಿಡುತ್ತದೆ. ಮಧುಗಿರಿಯಲ್ಲಿ ಏಕಶಿಲೆಯ ಬೆಟ್ಟದ ಬುಡದ ಮನೆಗಳಿಗೆ ಬಂಡೆಯ ಕಾವೂ ಸೇರುತ್ತದೆ. ಹಳೆಯ ಮಣ್ಣಿನ ಮಾಳಿಗೆ ಮನೆಗಳಲ್ಲಿ ಈ ಕಷ್ಟ ಕಡಿಮೆ. ಸಿಮೆಂಟ್ ತಾರಸಿ, ಶೀಟಿನ ಮನೆಗಳಲ್ಲಿ ವಿಪರೀತ. ಫೋಮ್ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ. ದೇಹ ಅದರೊಳಗೆ ಇಳಿದಷ್ಟೂ ಬೆನ್ನಿಗೆ ಗಾಳಿ ಕಡಿಮೆ. ಅದರಲ್ಲಿ ಮೆಮೊರಿ ಫೋಮ್ ಎಲ್ಲಕ್ಕಿಂತ ಕಷ್ಟದ್ದು. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಕೆಲಸಕ್ಕಾಗಿ, ವಿಮಾನದ ಸೀಟುಗಳಿಗೆಂದು ಚಾರ್ಲ್ಸ್ ಯೋಸ್ಟ್ ರೂಪಿಸಿದ ವಸ್ತು ಅದು. ಬೆರಳಿನಿಂದ ಒತ್ತಿದರೆ ಬಿಸಿ ಮುದ್ದೆಯ ಮೇಲಿನ ಗುರುತಿನಂತೆ ತಗ್ಗು ಸ್ವಲ್ಪ ಹೊತ್ತು ಹಾಗೆಯೇ ನಿಲ್ಲುತ್ತದೆ. ಅದರ ಸ್ವಭಾವವೇ ಕಾವಿಗೆ ಮೆತ್ತಗಾಗುವುದು. ಹವಾನಿಯಂತ್ರಿತ ಕೋಣೆಯಲ್ಲಿ ಹಿತವಾಗಿರುವ ಮೆಮೊರಿ ಫೋಮ್ ಏಪ್ರಿಲ್ ತಿಂಗಳ ಪಾವಗಡದಲ್ಲಿ ಮಲಗಿದ ಕೂಡಲೇ ಸಡಿಲಗೊಂಡು ಮೈಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸೆಕೆಯಾಗುವ ಮೈಯವರು, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಡುರಾತ್ರಿ ಬೆವರಿ ಏಳುವ ಹೆಂಗಸರು ಇದನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಫೋಮೇ ಬೇಕೆನ್ನುವವರು ಗಾಳಿರಂಧ್ರಗಳಿರುವ ಲ್ಯಾಟೆಕ್ಸನ್ನೋ, ಒತ್ತಿದ ಕೂಡಲೇ ಮೇಲೇಳುವ ಎಚ್‌ಆರ್ ಫೋಮನ್ನೋ ನೋಡಲಿ. ಮಂಚಕ್ಕೆ ಮುಚ್ಚಿದ ಪ್ಲೈವುಡ್ ಬದಲು ಸಂದು ಬಿಟ್ಟ ಪಟ್ಟಿಗಳಿರಲಿ. ಮೇಲೆ ದಪ್ಪ ಹತ್ತಿಯ ಜಮಖಾನ ಹಾಸಲಿ.

ಈಗ ನಮ್ಮ ಸೀಮೆಯದೇ ಆದ ಒಂದು ಸಂಕಟಕ್ಕೆ ಬರುತ್ತೇನೆ. ಪಾವಗಡ, ಮಧುಗಿರಿ, ಶಿರಾ ತಾಲ್ಲೂಕುಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಅದನ್ನು ಮೀರಿದ ನೀರನ್ನು ವರ್ಷಾನುಗಟ್ಟಲೆ ಕುಡಿದವರ ಹಲ್ಲು ಕಂದುಗಟ್ಟುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಳೆಯೊಳಗೆ ನಡೆಯುವುದು ಕಾಣುವುದಿಲ್ಲ. ಕೀಲುಗಳು ಬಿಗಿಯುತ್ತವೆ, ಕತ್ತು ತಿರುಗುವುದಿಲ್ಲ, ಬೆನ್ನುಮೂಳೆ ಕೋಲಿನಂತೆ ಸೆಟೆದು ಕೆಲವರ ನಡು ಬಾಗಿಬಿಡುತ್ತದೆ. ಇಂಥ ಹಿರಿಯರಿಗೆ ಪಟ್ಟಣದಲ್ಲಿರುವ ಮಕ್ಕಳು ಪ್ರೀತಿಯಿಂದ ಮೆತ್ತನೆಯ ಫೋಮ್ ಹಾಸಿಗೆ ಕಳಿಸುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಬಿಗಿದ ದೇಹಕ್ಕೆ ಮಗ್ಗುಲು ಬದಲಿಸಲು ಮೊಣಕೈ ಊರಬೇಕು, ಊರಿದ ಮೊಣಕೈಗೆ ಎದುರಾಸರೆ ಬೇಕು. ಮೆತ್ತನೆಯ ಫೋಮಿನಲ್ಲಿ ಮೊಣಕೈ ಒಳಕ್ಕೆ ಇಳಿಯುತ್ತದೆ. ಅಂಚಿನಲ್ಲಿ ಕೂತು ಏಳಬೇಕೆಂದರೆ ಸ್ಪ್ರಿಂಗ್‌ನ ಅಂಚಿಗಿರುವ ಬಿಗಿ ಇಲ್ಲಿಲ್ಲ. ಅಂಚು ಕುಸಿದು ಜಾರಿಸುತ್ತದೆ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಏಳುವ ವಯಸ್ಸಿನಲ್ಲಿ ಇದು ಬೀಳುವ ಅಪಾಯ. ಇವರಿಗೆ ರಬ್ಬರ್ ನಾರಿನ ಗಟ್ಟಿ ಹಾಸಿಗೆಯ ಮೇಲೆ ಒಂದೆರಡು ಅಂಗುಲದ ಎಚ್‌ಆರ್ ಫೋಮ್, ಪಾದ ನೆಲಕ್ಕೆ ಸರಿಯಾಗಿ ಊರುವಷ್ಟು ಎತ್ತರದ ಮಂಚ, ಬಾಗಿದ ಬೆನ್ನಿಗೆ ಹೊಂದುವ ದಿಂಬುಗಳು ಬೇಕು. ಅದಕ್ಕೂ ಮೊದಲು ಮನೆಯ ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಬೇಕು, ಶುದ್ಧ ನೀರಿನ ಘಟಕದ ನೀರನ್ನೇ ಕುಡಿಸಬೇಕು. ನೀರು ತಂದ ನೋವನ್ನು ಯಾವ ಹಾಸಿಗೆಯೂ ತೆಗೆಯಲಾರದು.

ಮಲಗಿದಲ್ಲೇ ಇರುವ ರೋಗಿಗಳ ವಿಚಾರ ತದ್ವಿರುದ್ಧ. ಅವರಿಗೆ ಚಾಪೆ, ಹಲಗೆ ಬೇಡ. ಬೆನ್ನ ಕೆಳಗೆ, ಹಿಮ್ಮಡಿಗೆ ಹುಣ್ಣಾಗುತ್ತದೆ. ಒತ್ತಡವನ್ನು ಹರಡುವ ಒಳ್ಳೆಯ ಫೋಮೋ, ಗಾಳಿ ತುಂಬುವ ಹಾಸಿಗೆಯೋ ಬೇಕು. ಆಗಲೂ ಎರಡೆರಡು ಗಂಟೆಗೆ ಮಗ್ಗುಲು ಬದಲಿಸುವ ಕೈಗಳು ಬೇಕೇ ಬೇಕು.

ಬಾಣಂತಿ ಕೋಣೆಯ ವಿಚಾರವನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ. ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡುವುದು, ಮಗುವಿಗೆ ಸಾಂಬ್ರಾಣಿ ಹೊಗೆ ಕೊಡುವುದು ನಮ್ಮಲ್ಲಿ ಇನ್ನೂ ಇದೆ. ಹಗ್ಗದ ಮಂಚದ ಕಾಲದ ಈ ರೂಢಿ ಫೋಮ್ ಹಾಸಿಗೆಯ ಜೊತೆ ಸೇರಬಾರದು. ಪಾಲಿಯುರೆಥೇನ್‌ಗೆ ಬೆಂಕಿ ತಗುಲಿದರೆ ನಿಮಿಷಗಳಲ್ಲಿ ಹಬ್ಬುತ್ತದೆ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಸೊಳ್ಳೆ ಬತ್ತಿಯನ್ನು ಮಂಚದ ಕೆಳಗಿಡುವವರಿಗೂ ಇದೇ ಮಾತು. ಹಸುಗೂಸನ್ನು ಮೆತ್ತನೆಯ ಫೋಮ್ ಮೇಲೆ ಮಲಗಿಸಲೇಬಾರದು. ಮಗು ಮಗುಚಿಕೊಂಡರೆ ಮೂಗು ಹೂತು ಉಸಿರು ಕಟ್ಟುತ್ತದೆ. ಮಗುವಿಗೆ ಗಟ್ಟಿಯಾದ ಸಮತಟ್ಟು ಜಾಗ, ಅಂಗಾತ ಮಲಗಿಸುವುದು, ಸುತ್ತ ದಿಂಬಿಲ್ಲದಿರುವುದು, ಇಷ್ಟೇ ಸುರಕ್ಷಿತ.

ನಿರ್ವಹಣೆಯಲ್ಲೂ ಹಳೆಯ ಅಭ್ಯಾಸ ಕೈಕೊಡುತ್ತದೆ. ಹತ್ತಿ ಹಾಸಿಗೆಯನ್ನು ತಾರಸಿಯ ಮೇಲೆ ಹಾಕಿ ಸುಡುಬಿಸಿಲಿಗೆ ಒಣಗಿಸುವುದು ಸರಿಯಾದ ಕ್ರಮವಾಗಿತ್ತು. ಫೋಮನ್ನು ಹಾಗೆ ಒಣಗಿಸಿದರೆ ಅದು ಹಳದಿಯಾಗಿ ಪುಡಿಪುಡಿಯಾಗುತ್ತದೆ. ನೆರಳಿನ ಗಾಳಿಯಲ್ಲಿ ನಿಲ್ಲಿಸಬೇಕು. ತೊಳೆಯುವಂತಿಲ್ಲ, ಮಕ್ಕಳು ಉಚ್ಚೆ ಹೊಯ್ಯುವ ಮನೆಯಲ್ಲಿ ಬಿಚ್ಚಿ ಒಗೆಯಬಹುದಾದ ಕವರ್ ಇರುವುದನ್ನೇ ಆರಿಸಬೇಕು. ಆನ್‌ಲೈನ್‌ನಲ್ಲಿ ತರಿಸುವವರು ಇಷ್ಟು ದಿನ ಮಲಗಿ ನೋಡಿ, ಬೇಡವಾದರೆ ಹಿಂತಿರುಗಿಸಿ ಎಂಬ ಷರತ್ತು ತಮ್ಮೂರಿನ ಪಿನ್ ಕೋಡಿಗೂ ಅನ್ವಯಿಸುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಕೇಳಬೇಕು.

ಮಗ್ಗುಲಾಗಿ ಮಲಗುವ ಆರೋಗ್ಯವಂತ ಯುವಕ ಯುವತಿಯರು ಒಳ್ಳೆಯ ಸಾಂದ್ರತೆಯ ಪೂರ್ತಿ ಫೋಮನ್ನು ಧೈರ್ಯವಾಗಿ ಕೊಳ್ಳಲಿ. ಹಿರಿಯರಿಗೆ ಕೊಳ್ಳುವುದಾದರಂತೂ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ. ಚಪ್ಪಲಿ ಬಿಡಿಸಿ, ಕಾಲು ಗಂಟೆ ಅವರ ರೂಢಿಯ ಭಂಗಿಯಲ್ಲೇ ಮಲಗಿಸಿ. ಮಗ್ಗುಲು ಬದಲಿಸಲು ಹೇಳಿ, ಆಮೇಲೆ ಯಾರೂ ಕೈ ಕೊಡದೆ ಎದ್ದು ಕೂರಲು ಹೇಳಿ. ಏಳಲಾಗದಿದ್ದರೆ, ಎಷ್ಟೇ ರಿಯಾಯಿತಿ ಕೊಟ್ಟರೂ ಆ ಹಾಸಿಗೆಯನ್ನು ಅಲ್ಲೇ ಬಿಟ್ಟು ಬನ್ನಿ.