ಕಲ್ಲಿನ ಬಳೆಯೊಳಗೆ ಏನಿದೆ?

ಮಕ್ಕಳೇ, ಯಲ್ದೂರಿನ ಸುತ್ತಮುತ್ತ ಬಂಡೆಗಳಿಗೆ ಬರವಿಲ್ಲ. ಹೊಲದ ನಡುವೆ ಗುಂಡುಗಲ್ಲುಗಳು ಬಿದ್ದಿರುವುದನ್ನು ನೀವೂ ನೋಡಿರುತ್ತೀರಿ. ಅಂತಹ ಕಲ್ಲುಗಳು ಬಳೆಯಂತೆ ದುಂಡಗೆ ಸುತ್ತುಗಟ್ಟಿ ಕುಳಿತಿದ್ದರೆ? ಅವು ತಾವಾಗಿ ಉರುಳಿಬಂದವಲ್ಲ, ಯಾರೋ ತಂದಿಟ್ಟವು.

ಇಂತಹ ಕಲ್ಲಿನ ವೃತ್ತಗಳು ದಕ್ಷಿಣ ಭಾರತದಲ್ಲಿ ಬಹಳ ಇವೆ. ಹೆಚ್ಚಿನವು ಸುಮಾರು 3000ದಿಂದ 2000 ವರ್ಷಗಳ ಹಿಂದಿನ ಸಮಾಧಿಗಳು. ಆಗ ನಮ್ಮ ಜನ ಕಬ್ಬಿಣ ಬಳಸಲು ಕಲಿತಿದ್ದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಇವನ್ನು ಅಗೆಸಿ ನೋಡಿದರು. ನಮಗೆ ಹತ್ತಿರದ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಡಾ. ಎಂ. ಶೇಷಾದ್ರಿಯವರು ಉತ್ಖನನ ಮಾಡಿದರು. ಈ ಊರು ಮಾಲೂರಿನಿಂದ ಹೊಸಕೋಟೆಗೆ ಹೋಗುವ ದಾರಿಯಲ್ಲಿದೆ.

ಬ್ರಹ್ಮಗಿರಿಯ ವೃತ್ತಗಳ ನಡುವೆ ನೆಲದೊಳಗೆ ಕಲ್ಲಿನ ಪೆಟ್ಟಿಗೆಗಳು ಸಿಕ್ಕವು. ನಾಲ್ಕು ಕಡೆ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಗಾರೆಯಿಲ್ಲ, ಮೊಳೆಯಿಲ್ಲ. ಹಾಗಾದರೆ ಸುತ್ತಲಿನ ಮಣ್ಣು ಒತ್ತಿದಾಗ ಚಪ್ಪಡಿಗಳು ಒಳಕ್ಕೆ ಬೀಳಲಿಲ್ಲವೇಕೆ?

ನೀವೇ ಮಾಡಿ ನೋಡಿ. ನಾಲ್ಕು ದಪ್ಪ ಪುಸ್ತಕಗಳನ್ನು ಸ್ವಸ್ತಿಕದಂತೆ ನಿಲ್ಲಿಸಿ. ಒಂದರ ಅಂಚು ಇನ್ನೊಂದರ ಒಳಮೈಗೆ ತಾಗಿರಲಿ, ಆ ಇನ್ನೊಂದು ಸ್ವಲ್ಪ ಹೊರಗೆ ಚಾಚಿರಲಿ. ಈಗ ಹೊರಗಿನಿಂದ ಮೆಲ್ಲಗೆ ತಳ್ಳಿ. ಪ್ರತಿ ಪುಸ್ತಕಕ್ಕೂ ಪಕ್ಕದ ಪುಸ್ತಕದ ಅಂಚು ಊರುಗೋಲಾಗುತ್ತದೆ. ಬ್ರಹ್ಮಗಿರಿಯವರ ಉಪಾಯ ಇದೇ! ಶಾಲೆಯಿಲ್ಲದ ಕಾಲದಲ್ಲಿ ಅವರಿಗೆ ಇದನ್ನು ಕಲಿಸಿದ್ದು ಬಹುಶಃ ಬಿದ್ದುಹೋದ ಚಪ್ಪಡಿಗಳೇ ಇರಬೇಕು.

ಇಂತಹ ಸಮಾಧಿಗಳಲ್ಲಿ ಮೂಳೆಗಳ ಜೊತೆ ಕಬ್ಬಿಣದ ಹತಾರಗಳೂ ಮಡಕೆಗಳೂ ಸಿಗುತ್ತವೆ. ಮಡಕೆಗಳ ಒಳಗೂ ಬಾಯಿಯ ಸುತ್ತಲೂ ಕಪ್ಪು, ಉಳಿದ ಹೊರಮೈ ಕೆಂಪು. ಎರಡು ಬಣ್ಣ ಬಳಿದರೇ? ಇಲ್ಲ. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಹೊರಮೈಗೆ ಗಾಳಿ ತಾಗಿ, ಮಣ್ಣಿನಲ್ಲಿರುವ ಕಬ್ಬಿಣ ಆಮ್ಲಜನಕದೊಡನೆ ಸೇರಿ ಕೆಂಪಾಗುತ್ತದೆ. ಒಳಗೆ ಗಾಳಿಯಿಲ್ಲದೆ ಕಪ್ಪಾಗುತ್ತದೆ. ಹೀಗೆ ಸುಟ್ಟಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ಇಂಗ್ಲೆಂಡಿಗೆ ಹೋದವರು ಸ್ಟೋನ್‌ಹೆಂಜ್ ಎಂಬ ಕಲ್ಲಿನ ವೃತ್ತವನ್ನು ನೋಡದೆ ಬರುವುದಿಲ್ಲ. ಅಲ್ಲಿಂದ ಹತ್ತಿರದಲ್ಲೇ ಸಾಲಿಸ್ಬರಿಯ ದೊಡ್ಡ ಚರ್ಚ್ ಇದೆ. 1220ರಲ್ಲಿ ಕಟ್ಟಲು ತೊಡಗಿದ ಆ ಚರ್ಚಿನ ಗೋಪುರ 123 ಮೀಟರ್ ಎತ್ತರ. ನಮ್ಮವರು ಅಷ್ಟು ದೂರ ಹೋಗಬೇಕಿಲ್ಲ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಬೆಟ್ಟದ ಮೇಲೆ ಇಂತಹ ಸುಮಾರು 400 ಶಿಲಾರಚನೆಗಳಿವೆ. ಅಲ್ಲಿಯ ಕಲ್ಲುಮನೆಗಳನ್ನು ಜನ ಮೋರ್ಯರ ಮನೆ ಎನ್ನುತ್ತಾರೆ, ಮೋರ್ಯರು ಕುಳ್ಳರಾಗಿದ್ದರಂತೆ! ನಮ್ಮ ಪಕ್ಕದ ಚಿತ್ತೂರು ಜಿಲ್ಲೆಯವರು ಇಂತಹವನ್ನು ಪಾಂಡವ ಗುಳ್ಳು ಎನ್ನುತ್ತಾರೆ. ಕುಳ್ಳರೂ ಅಲ್ಲ, ಪಾಂಡವರೂ ಅಲ್ಲ, ನಮ್ಮಂತಹ ಮನುಷ್ಯರೇ ಕಟ್ಟಿದ್ದು.

ಹೊಲ ಹಸನು ಮಾಡುವಾಗ, ಜಲ್ಲಿಗಾಗಿ ಕಲ್ಲು ಒಡೆಯುವಾಗ ಇಂತಹ ವೃತ್ತಗಳು ಒಂದೇ ದಿನದಲ್ಲಿ ಹೋಗಿಬಿಡುತ್ತವೆ. ಒಮ್ಮೆ ಕಲ್ಲು ಜರುಗಿಸಿದರೆ ಯಾವುದು ಎಲ್ಲಿತ್ತೆಂದು ಮತ್ತೆ ತಿಳಿಯಲಾಗದು. ನಿಮ್ಮೂರಿನಲ್ಲಿ ಅಂತಹದು ಕಂಡರೆ ಅಗೆಯಬೇಡಿ, ನಿಧಿ ಇರುವುದಿಲ್ಲ. ಕಲ್ಲುಗಳನ್ನು ಎಣಿಸಿ, ವೃತ್ತದ ಅಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ, ಪೂರ್ವ ದಿಕ್ಕು ಗುರುತಿಸಿ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಆ ಚಿತ್ರವನ್ನು ನಿಮ್ಮ ಮೇಷ್ಟರಿಗೆ ತೋರಿಸಿ, ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಸಿ.