ಮುಪ್ಪಿಗೊಂದು ಬೇರು

ಕೈಬೆರಳಿನಷ್ಟು ದಪ್ಪವಾದ, ಮಾಸಲು ಹಳದಿ ಬಣ್ಣದ ಒಂದು ಬೇರು. ತುದಿಯಲ್ಲಿ ಅದು ಎರಡಾಗಿ ಕವಲೊಡೆದು ಕಾಲುಗಳಂತೆ ಕಾಣುತ್ತದೆ. ಪಕ್ಕದಿಂದ ಹೊರಟ ಬಿಳಲುಗಳು ಕೈಗಳನ್ನು ಹೋಲುತ್ತವೆ. ಚೀನೀಯರು ಇದನ್ನು 'ರೆನ್‌ಶೆನ್' ಎಂದು ಕರೆದರು. 'ರೆನ್' ಎಂದರೆ ಮನುಷ್ಯ. ಉಳಿದ ಜಗತ್ತಿಗೆ ಇದು ಜಿನ್ಸೆಂಗ್. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ೧೭೫೩ರಲ್ಲಿ ಈ ಕುಲಕ್ಕೆ 'ಪ್ಯಾನಾಕ್ಸ್' ಎಂದು ಹೆಸರಿಟ್ಟನು. ಸರ್ವರೋಗ ನಿವಾರಕವೆಂಬುದು ಅದರ ಮೂಲವಾದ ಗ್ರೀಕ್ ಶಬ್ದದ ಅರ್ಥ. ಒಂದು ಬಡ ಬೇರಿನ ತಲೆಯ ಮೇಲೆ ಇದಕ್ಕಿಂತ ಭಾರವಾದ ಬಿರುದನ್ನು ಹೊರಿಸುವುದು ಸಾಧ್ಯವಿರಲಿಲ್ಲ.

ಮುಪ್ಪನ್ನು ಮುಂದೂಡಬೇಕೆಂಬ ಹಂಬಲ ಚೀನದಲ್ಲಿ ಬಲು ಹಳೆಯದು. ಆ ದೇಶದ ಮೊದಲ ಚಕ್ರವರ್ತಿ ಚಿನ್ ಷಿ ಹುವಾಂಗ್ ಅಮರತ್ವದ ಮದ್ದನ್ನು ಅರಸಿ ಸಮುದ್ರದಾಚೆಗೆ ಜನರನ್ನು ಅಟ್ಟಿದನು; ಮದ್ದು ಬರಲಿಲ್ಲ, ಕ್ರಿ. ಪೂ. ೨೧೦ರಲ್ಲಿ ಸಾವು ಬಂತು. ಅನಂತರ ಹಾನ್ ವಂಶದ ಕಾಲದಲ್ಲಿ ರೂಪುಗೊಂಡ 'ಷೆನ್‌ನೊಂಗ್ ಬೆನ್‌ತ್ಸಾವೊ ಜಿಂಗ್' ಎಂಬ ಔಷಧಿಗ್ರಂಥವು ೩೬೫ ದ್ರವ್ಯಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿತು. ಕೆಳವರ್ಗದವು ರೋಗವನ್ನು ಹೊಡೆದೋಡಿಸುವ ತೀಕ್ಷ್ಣ ಮದ್ದುಗಳು. ಮೇಲುವರ್ಗದ ೧೨೦ ದ್ರವ್ಯಗಳಾದರೋ ಬಹುಕಾಲ ಸೇವಿಸಿದರೂ ಕೆಡುಕು ಮಾಡದೆ, ಶರೀರವನ್ನು ಹಗುರಾಗಿಸಿ, ಆಯುಸ್ಸನ್ನು ಬೆಳೆಸುವಂಥವು. ಜಿನ್ಸೆಂಗ್, ಲಿಂಗ್‌ಝಿ ಎಂಬ ಅಣಬೆ, ಗೋಜಿ ಎಂಬ ಕೆಂಪು ಹಣ್ಣು, ಎಲ್ಲವೂ ಈ ಪಂಕ್ತಿಯವೇ. ಪಾದರಸದ ಅದಿರಾದ ಇಂಗಲೀಕವೂ ಇದೇ ಪಂಕ್ತಿಯಲ್ಲಿ ಗಂಭೀರವಾಗಿ ಕುಳಿತಿದೆಯೆಂಬುದು ಗಮನಾರ್ಹ! ತಾಂಗ್ ವಂಶದ ಹಲವು ಚಕ್ರವರ್ತಿಗಳು ಇಂಥ ಖನಿಜಗಳ ಅಮೃತಗುಳಿಗೆಗಳನ್ನು ನುಂಗಿಯೇ ಕೆಟ್ಟರು. ೮೪೬ರಲ್ಲಿ ತೀರಿಕೊಂಡ ವೂಝೊಂಗನಿಗೆ ಇನ್ನೂ ಮೂವತ್ತೆರಡು ತುಂಬಿರಲಿಲ್ಲ.

ಚೀನೀ ವೈದ್ಯರು ಮಾತ್ರ ಬಲವರ್ಧಕವನ್ನು ಎಲ್ಲರಿಗೂ ಹಂಚುವ ಪ್ರಸಾದವೆಂದು ಬಗೆದಿರಲಿಲ್ಲ. ಅವರ ಶಾಸ್ತ್ರದಲ್ಲಿ ಅದರ ಹೆಸರು 'ಬೂ'. ಕೊರತೆಯನ್ನು ತುಂಬುವುದು ಎಂದರ್ಥ. ಕೊರತೆ ಇದ್ದಲ್ಲಿ ತುಂಬಬೇಕು, ಇಲ್ಲದಲ್ಲಿ ತುಂಬಿದರೆ ಕೆಡುಕು. ಮೈಯೊಳಗೆ ರೋಗವಿರುವಾಗ ಬಲವರ್ಧಕ ಕೊಡುವುದು ಕಳ್ಳನನ್ನು ಒಳಗಿಟ್ಟು ಬಾಗಿಲು ಮುಚ್ಚಿದಂತೆ ಎಂದು ಅವರು ಎಚ್ಚರಿಸುತ್ತಿದ್ದರು. ಆದರೆ ಈ ವಿವೇಕ ಗ್ರಂಥದಲ್ಲಿ ಉಳಿಯಿತು. ಬೇರು ಬಾಜಾರಿಗೆ ಹೋಯಿತು.

ಇದರಿಂದಾದ ಅನರ್ಥವನ್ನು ಸೂಜೋ ಸೀಮೆಯ ಪ್ರಸಿದ್ಧ ವೈದ್ಯ ಷೂ ದಾಚುನ್ ೧೭೫೭ರ ತನ್ನ ಗ್ರಂಥದಲ್ಲಿ ನಿರ್ದಾಕ್ಷಿಣ್ಯವಾಗಿ ಬಣ್ಣಿಸಿದ್ದಾನೆ. ಜಿನ್ಸೆಂಗಿಗೆಂದೇ ಅವನು ಒಂದು ಪ್ರಬಂಧವನ್ನು ಮೀಸಲಿಟ್ಟನು. ಜನರಿಗೆ ಬೆಲೆಬಾಳುವ ಮದ್ದೇ ಒಳ್ಳೆಯ ಮದ್ದೆಂಬ ಭ್ರಮೆ. ಬಲವರ್ಧಕವೆಂದರೆ ಅಕ್ಕರೆ, ಭೇದಿಯ ಮದ್ದೆಂದರೆ ಅಂಜಿಕೆ. ಜಿನ್ಸೆಂಗ್ ಕೊಟ್ಟ ಮೇಲೂ ಮುದಿ ತಂದೆ ಸತ್ತರೆ, ವೈದ್ಯನು ಕೈಲಾದುದನ್ನೆಲ್ಲ ಮಾಡಿದನೆಂದೂ ಮಗನು ಋಣ ತೀರಿಸಿದನೆಂದೂ ಊರು ಒಪ್ಪುತ್ತದೆ. ಕೊಡದೆ ಸತ್ತರೆ, ಚಿಕಿತ್ಸೆ ಎಷ್ಟೇ ಸರಿಯಾಗಿರಲಿ, ಇಬ್ಬರಿಗೂ ಅಪವಾದ ತಪ್ಪಿದ್ದಲ್ಲ. ಹೀಗಾಗಿ ಬೇರು ರೋಗಿಯ ರಕ್ಷಣೆಗಿಂತ ಹೆಚ್ಚಾಗಿ ವೈದ್ಯನ ರಕ್ಷಣೆಗೆ ಒದಗಿತು. ಅದನ್ನು ಕೊಳ್ಳಲು ಸಂಸಾರಗಳು ಇದ್ದುದನ್ನೆಲ್ಲ ಮಾರಿ ಬೀದಿಗೆ ಬಿದ್ದವು. ಪಿತೃಭಕ್ತಿಯೇ ಪರಮಧರ್ಮವೆನಿಸಿದ್ದ ನಾಡಿನಲ್ಲಿ ಹೀಗೆ ಬರೆಯಲು ಎದೆಗಾರಿಕೆ ಬೇಕಾಗಿತ್ತು. ಜಿನ್ಸೆಂಗ್ ಕೊಂದರೂ ತಪ್ಪಿಲ್ಲ, ಭೇದಿಯ ಮದ್ದು ಬದುಕಿಸಿದರೂ ಹೊಗಳಿಕೆಯಿಲ್ಲ ಎಂಬರ್ಥದ ಗಾದೆಯೊಂದು ಚೀನದಲ್ಲಿ ಉಂಟು.

ಬೇರು ಇಷ್ಟು ದುಬಾರಿಯಾದದ್ದು ಅದು ಕಾಡಿನಿಂದ ಕಣ್ಮರೆಯಾಗುತ್ತ ಬಂದುದರಿಂದ. ಒಂದು ಕಾಲಕ್ಕೆ ಉತ್ತರ ಚೀನದ ಷಾಂಗ್‌ದಾಂಗ್ ಬೆಟ್ಟಗಳ ಜಿನ್ಸೆಂಗ್ ಅತ್ಯುತ್ತಮವೆನಿಸಿತ್ತು. ೧೫೯೬ರಲ್ಲಿ ಅಚ್ಚಾದ ಲಿ ಷಿಝೆನ್‌ನ ಮಹಾಗ್ರಂಥದ ವೇಳೆಗೆ ಅಲ್ಲಿನ ಜನ ಅದನ್ನು ಊರಿಗಂಟಿದ ಪೀಡೆಯೆಂದು ಬಗೆದು ಕೀಳುವುದನ್ನೇ ಬಿಟ್ಟಿದ್ದರು. ಬಳಕೆಗೆಲ್ಲ ಈಶಾನ್ಯದ ಲಿಯಾವೊದಾಂಗಿನ ಬೇರೇ ಗತಿಯಾಗಿತ್ತು. ಆ ಈಶಾನ್ಯದ ಚಾಂಗ್‌ಬೈ ಪರ್ವತದಲ್ಲಿ ಬೇರು ಕೀಳುವುದು ಒಂದು ವ್ರತದಂತೆ ನಡೆಯುತ್ತಿತ್ತು. ಗಿಡ ಕಣ್ಣಿಗೆ ಬಿದ್ದೊಡನೆ 'ಬಾಂಗ್‌ಚುಯಿ!' ಎಂದು ಕೂಗಬೇಕು. ಓಡಿಹೋಗದಂತೆ ಅದಕ್ಕೆ ಕೆಂಪು ದಾರ ಕಟ್ಟಬೇಕು. ಬಿಳಲೊಂದೂ ಹರಿಯದಂತೆ ಜಿಂಕೆಯ ಮೂಳೆಯಿಂದ ಮಣ್ಣು ಬಿಡಿಸಬೇಕು. ಮನುಷ್ಯಾಕಾರದ ಬೇರು ಮನುಷ್ಯರಂತೆಯೇ ತಪ್ಪಿಸಿಕೊಂಡೀತೆಂಬ ಭಯ!

ಈ ಕಾಡಿಗೆ ೧೭೦೯ರಲ್ಲಿ ನಕ್ಷೆ ತಯಾರಿಸಲು ಹೋದ ಝಾರ್ತೂ ಎಂಬ ಫ್ರೆಂಚ್ ಪಾದ್ರಿ ಗಿಡವನ್ನು ವಿವರವಾಗಿ ವರ್ಣಿಸಿ ಪತ್ರ ಬರೆದನು. ಅದನ್ನೋದಿದ ಇನ್ನೊಬ್ಬ ಪಾದ್ರಿ ಲಫಿಟೋ, ೧೭೧೬ರಲ್ಲಿ ಕೆನಡಾದ ಮಾಂಟ್ರಿಯಲ್ ಬಳಿ ಅದರ ದಾಯಾದಿಯನ್ನು ಕಂಡುಹಿಡಿದನು. ಅಲ್ಲಿನ ಮೋಹಾಕ್ ಜನರಿಗೆ ಅದು ಮೊದಲೇ ಪರಿಚಿತವಾದ ಮದ್ದು. ಮುಂದೆ ೧೭೮೪ರಲ್ಲಿ ಸ್ವತಂತ್ರ ಅಮೆರಿಕದಿಂದ ಚೀನಕ್ಕೆ ಹೊರಟ ಮೊದಲ ಹಡಗಿನ ಮುಖ್ಯ ಸರಕೇ ಈ ಬೇರು. ಅಲ್ಲಿಯೂ ಕಾಡು ಬರಿದಾಗತೊಡಗಿತು. ೧೯೭೫ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಯಂತ್ರಣವಿದೆ. ಇಂದು ಅಂಗಡಿಯಲ್ಲಿ ದೊರೆಯುವುದು ಬಹುಮಟ್ಟಿಗೆ ಹೊಲದಲ್ಲಿ ನಾಲ್ಕರಿಂದ ಆರು ವರ್ಷ ಬೆಳೆಸಿದ ಬೇರು.

ಜಿನ್ಸೆಂಗ್ ಹಣವನ್ನು ನುಂಗಿತು. ಇನ್ನೊಂದು ಬೇರಿನ ಅಪಾಯ ಬೇರೆ ಬಗೆಯದು. ತಾಂಗ್ ಕಾಲದ ಲಿ ಆವೊ ಎಂಬ ಲೇಖಕನು ಹೇಳಿದ ಕಥೆಯಲ್ಲಿ, ಐವತ್ತೆಂಟಾದರೂ ಸಂತಾನವಿಲ್ಲದ ದುರ್ಬಲನೊಬ್ಬ, ರಾತ್ರಿ ಎರಡು ಬಳ್ಳಿಗಳು ತಾವಾಗಿ ಹೆಣೆದುಕೊಳ್ಳುವುದನ್ನು ಕಂಡು ಅವುಗಳ ಬೇರನ್ನು ತಿಂದು ಮತ್ತೆ ತರುಣನಾದನು. ಕಪ್ಪುಕೂದಲಿನೊಡನೆ ಬಹುಕಾಲ ಬಾಳಿದ ಅವನ ಮೊಮ್ಮಗ ಹ ಷೌವೂನ ಹೆಸರೇ ಬೇರಿಗೆ ನಿಂತಿತು. ನಮ್ಮ ಚ್ಯವನ ಮಹರ್ಷಿಯ ಕಥೆ ಬಲ್ಲವರಿಗೆ ಇದು ಹೊಸತೆನಿಸದು. ಆದರೆ ಕಪ್ಪುಕೂದಲಿನ ಆಸೆಗೆ ಈ ಬೇರನ್ನು ಸೇವಿಸಿದ ಹಲವರಲ್ಲಿ ಯಕೃತ್ತಿಗೆ ಹಾನಿಯಾದುದು ವರದಿಯಾಗಿದೆ. ೨೦೦೬ರಲ್ಲಿ ಬ್ರಿಟನ್ನಿನ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ೨೦೧೪ರಲ್ಲಿ ಚೀನ ಸರಕಾರವೇ ಆರೋಗ್ಯವರ್ಧಕಗಳಲ್ಲಿ ಅದರ ಪ್ರಮಾಣಕ್ಕೆ ಮಿತಿ ಹಾಕಿತು. ಕಪ್ಪು ಅವರೆಯ ರಸದಲ್ಲಿ ಮತ್ತೆ ಮತ್ತೆ ಬೇಯಿಸಿ ಒಣಗಿಸಿದ ಹೊರತು ಅದನ್ನು ಬಲವರ್ಧಕವಾಗಿ ಕೊಡಕೂಡದೆಂದು ಹಳೆಯ ವೈದ್ಯರು ವಿಧಿಸಿದ್ದುದು ಸುಮ್ಮನಲ್ಲ.

ಜಿನ್ಸೆಂಗಿನಲ್ಲಿ ಸತ್ತ್ವವೇ ಇಲ್ಲವೆನ್ನಲಾಗದು. ಅದರಲ್ಲಿನ ಜಿನ್ಸೆನೊಸೈಡ್ ಎಂಬ ದ್ರವ್ಯಗಳನ್ನು ರಸಾಯನಶಾಸ್ತ್ರಜ್ಞರು ಬೇರ್ಪಡಿಸಿದ್ದಾರೆ. ದಣಿವಿನ ಬಗೆಗೆ ನಡೆದ ಕೆಲವು ಪರೀಕ್ಷೆಗಳಲ್ಲಿ ಅಲ್ಪಸ್ವಲ್ಪ ಗುಣವೂ ಕಂಡಿದೆ. ಆಯುಸ್ಸು ಬೆಳೆಯಿತೆಂಬುದಕ್ಕೆ ಮಾತ್ರ ಆಧಾರವಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಗುಳಿಗೆ ತೆಗೆದುಕೊಳ್ಳುವ ವೃದ್ಧರಂತೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಗೋಜಿ ಹಣ್ಣಿಗೂ ಈ ಮಾತು ಸಲ್ಲುತ್ತದೆ.

ಷಾಂಗ್‌ದಾಂಗಿನ ಹೆಸರು ಪೂರ್ಣವಾಗಿ ಅಳಿಸಲಿಲ್ಲ. ಷೂ ದಾಚುನ್ ಬರೆದ ಆ ೧೭೫೭ರಲ್ಲಿಯೇ ಹೊರಬಂದ ಮತ್ತೊಂದು ಔಷಧಿಗ್ರಂಥದಲ್ಲಿ 'ದಾಂಗ್‌ಶೆನ್' ಎಂಬ ಬೇರೆಯೇ ಗಿಡದ ಬೇರು ಕಾಣಿಸಿಕೊಂಡಿತು. ಗುಣ ಸೌಮ್ಯ, ಬೆಲೆ ಅಗ್ಗ. ಬಡವರ ಜಿನ್ಸೆಂಗೆಂದೇ ಅದರ ಖ್ಯಾತಿ. ಚಳಿಗಾಲ ಬಂದಿತೆಂದರೆ ಚೀನೀ ಗೃಹಿಣಿ ಅದರ ನಾಲ್ಕು ತುಂಡುಗಳನ್ನು ಕೆಂಪು ಎಲಚಿ ಹಣ್ಣು, ಶುಂಠಿಗಳೊಡನೆ ಕೋಳಿಯ ಸಾರಿಗೆ ಹಾಕಿ, ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕುದಿಸುತ್ತಾಳೆ. ಮೊದಲ ಬಟ್ಟಲು ಮನೆಯ ಹಿರಿಯರಿಗೆ.